ಬಂಡೆಯ ಮುಂದೆ ಎರಡು ಮರದ ಕ್ಯಾಮೆರಾ

ಆ ಬೇಸಿಗೆಯಲ್ಲಿ ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಮರದ ಕ್ಯಾಮೆರಾಗಳು ಠಿಕಾಣಿ ಹೂಡಿದ್ದವು. ನಾನೂ ನನ್ನ ಗಂಡನೂ ತಟ್ಟೆ ಕೈಯಲ್ಲಿ ಹಿಡಿದು ಸೋಫಾದ ಮೇಲೆ ಕೂತು ಉಣ್ಣುತ್ತಿದ್ದೆವು.

“ಯಾವುದಾದರೂ ಒಂದು ಆರಿಸಿಕೋ, ಇನ್ನೊಂದು ವಾಪಸ್ ಕಳಿಸು,” ಎಂದು ಅವರು ಒಂದೆರಡು ಸಲ ಹೇಳಿದರು. ಆಮೇಲೆ ಹೇಳುವುದನ್ನೂ ಬಿಟ್ಟರು.

ಒಂದು ಕ್ಯಾಮೆರಾ ತೇಗದ್ದು. ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ಕೈ ತಾಗಿ ತಾಗಿ ಕಪ್ಪಗಾದ ಹಿಡಿಕೆ, ಎತ್ತಿದರೆ ಸೊಂಟ ನೆನಪಾಗುವಷ್ಟು ಭಾರ. ಅದು ಕಾಕಾನದು. ಕಾಕಾ ಎನ್ನುತ್ತೇವೆಯೇ ಹೊರತು ಅವರು ನಮಗೆ ರಕ್ತಸಂಬಂಧಿಯಲ್ಲ. ನಮ್ಮ ತಂದೆಯ ಹಾಗೆ ಕಲಬುರಗಿ ಕಡೆಯಿಂದ ಬಂದು, ನಾಂಪಲ್ಲಿಯ ಒಂದು ಸ್ಟುಡಿಯೊದಲ್ಲಿ ಬಹಳ ಕಾಲ ದುಡಿದವರು. ಸ್ಟುಡಿಯೊ ಮುಚ್ಚಿದಾಗ ಮಾಲೀಕರು ಆ ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟಿದ್ದರು. ಮನೆ ನಮ್ಮಿಂದ ಎರಡು ಗಲ್ಲಿ ಆಚೆ. ದೊಡ್ಡ ಫಿಲ್ಮಿನ ಕೆಲಸ ಅಪರೂಪಕ್ಕೆ ಬರುತ್ತದೆ. ಬಂದಾಗಲೆಲ್ಲ ನಾವಿಬ್ಬರೂ ಜೊತೆಯಾಗಿಯೇ ಹೋಗುವವರು. ಎಲ್ಲಿ ನಿಂತು ಏನನ್ನು ತೆಗೆಯಬೇಕು ಎಂದು ನಿರ್ಧರಿಸುವವಳು ನಾನು, ಫೋಕಸ್ ಹಿಡಿಯುವವರು ಅವರು.

ಇನ್ನೊಂದು ಕ್ಯಾಮೆರಾ ಚೆರಿ ಮರದ್ದು, ಹೊರದೇಶದಲ್ಲಿ ಮಾಡಿದ್ದು. ಮಡಚಿದರೆ ಊಟದ ಡಬ್ಬಿಯ ಹಾಗೆ ಚೀಲದೊಳಗೆ ಕೂತುಬಿಡುತ್ತಿತ್ತು. ಬಾಲಾನಗರದ ಕಾರ್ಖಾನೆಯೊಂದರಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರು, ಮೈಸೂರು ಕಡೆಯವರು, ಹವ್ಯಾಸಕ್ಕೆಂದು ತರಿಸಿಕೊಂಡಿದ್ದರು. ನನಗೆ ಬಂದ ಕೆಲಸದ ಸುದ್ದಿ ಕೇಳಿ ತಾವೇ ತಂದುಕೊಟ್ಟರು. “ನನ್ನ ಹತ್ರ ಇದು ಬೀರುವಿನಲ್ಲಿ ಮಲಗಿರುತ್ತೆ ಮೇಡಂ. ನಿಮ್ಮ ಹತ್ರ ಇದ್ದರೆ ಏನಾದರೂ ನೋಡುತ್ತೆ,” ಎಂದಿದ್ದರು.

ಕೆಲಸ ಇಷ್ಟು. ರಿಂಗ್ ರೋಡಿನ ಆಚೆ, ಹೊಸ ಲೇಔಟ್ ಆಗುತ್ತಿದ್ದ ಜಾಗದಲ್ಲಿ ಒಂದು ಬಂಡೆಗುಂಪು. ಒಂದರ ಮೇಲೊಂದು ಮೂರು ಬಂಡೆ. ಮೇಲಿನದು ಈಗ ಉರುಳೀತು ಎಂಬಂತೆ ಅಂಚಿನಲ್ಲಿ ಕೂತದ್ದು. ಹೈದರಾಬಾದಿನ ಸುತ್ತ ಇಂಥವು ಎಷ್ಟೋ ಇದ್ದವು, ನಮ್ಮ ಕಣ್ಣೆದುರೇ ಹೋದವು. ಇದರ ನಡುವೆಯೂ ರಸ್ತೆ ಬರುವುದಿತ್ತು. ರಸ್ತೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎಂದು ಓಡಾಡುತ್ತಿದ್ದ ಒಂದು ಸಣ್ಣ ಗುಂಪು ನನ್ನ ಹತ್ತಿರ ಬಂತು. ಫೋನಿನಲ್ಲಿ ತೆಗೆದ ಫೋಟೊಗಳನ್ನು ಅವರು ಆಗಲೇ ಅಧಿಕಾರಿಗಳಿಗೆ ತೋರಿಸಿದ್ದರು. ಅಧಿಕಾರಿಗಳು ಬೆರಳಿನಿಂದ ಸರಿಸಿ ಸರಿಸಿ ನೋಡಿ ವಾಪಸು ಕೊಟ್ಟಿದ್ದರು. ಈ ಸಲ ಬಾಗಿಲಿನಷ್ಟು ಎತ್ತರದ ಚಿತ್ರಗಳು ಬೇಕು, ಬಂಡೆಯ ಮೈಮೇಲಿನ ಹಾವಸೆಯೂ ಕಾಣಬೇಕು, ನೋಡುವವರು ಅದರ ಮುಂದೆ ನಿಲ್ಲಲೇಬೇಕು ಎಂಬುದು ಗುಂಪಿನವರ ಆಸೆ. ಅದಕ್ಕೆ ಅಂಗೈ ಅಗಲದ ಫಿಲ್ಮಿನ ಹಾಳೆಯೇ ಬೇಕು, ಅದನ್ನು ಹಿಡಿಯುವ ಮರದ ಕ್ಯಾಮೆರಾ ಬೇಕು. ಫಿಲ್ಮ್ ನನ್ನ ಹತ್ತಿರ ಇದ್ದದ್ದು ಒಂದೇ ಡಬ್ಬಿ. ಎರಡು ಕ್ಯಾಮೆರಾಗಳಲ್ಲೂ ತೆಗೆದು ನೋಡುತ್ತಾ ಕೂರುವಂತಿರಲಿಲ್ಲ. ಒಂದನ್ನು ಆರಿಸಬೇಕಿತ್ತು.

ಮೊದಲು ಎರಡರ ಬೆಲ್ಲೋಸ್ ಪರೀಕ್ಷೆ ಮಾಡಿದೆ. ಬೆಲ್ಲೋಸ್ ಎಂದರೆ ಮುಂದಿನ ಲೆನ್ಸಿಗೂ ಹಿಂದಿನ ಗಾಜಿಗೂ ನಡುವೆ ಇರುವ, ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾದ ಕಪ್ಪು ಚೀಲ. ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ನುಸುಳಿ ಫಿಲ್ಮ್ ಕೆಡುತ್ತದೆ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಬೆಲ್ಲೋಸಿನ ಒಳಗೆ ಟಾರ್ಚ್ ಇಟ್ಟು ನೋಡಿದೆ. ಚೆರಿ ಮರದ್ದು ಕತ್ತಲೆಯಾಗಿಯೇ ಉಳಿಯಿತು. ತೇಗದ್ದರಲ್ಲಿ ಮೂಲೆಮೂಲೆಗೆ ನಕ್ಷತ್ರ ಮೂಡಿದಂತಾಯಿತು. ಕಪ್ಪು ಬಟ್ಟೆಯ ಚೂರುಗಳನ್ನು ಕತ್ತರಿಸಿ, ರಬ್ಬರ್ ಅಂಟು ಹಚ್ಚಿ ಒಂದೊಂದೇ ತೂತು ಮುಚ್ಚಿದೆ. ಆ ಸೆಖೆಯಲ್ಲಿ ಬಾಗಿಲು ಹಾಕಿಕೊಂಡು ಅಂಟಿನ ವಾಸನೆ ಕುಡಿಯುತ್ತಾ ಕೂತದ್ದಕ್ಕೆ ತಲೆ ಸಿಡಿಯುತ್ತಿತ್ತು.

ಕಾಕಾ ಬಂದು ನೋಡಿ, “ಮುದುಕಿಗೆ ತ್ಯಾಪಿ ಹಚ್ಚಾಕತ್ತೀಯೇನು?” ಎಂದು ನಕ್ಕರು. ನಂತರ ಚೆರಿ ಮರದ ಕ್ಯಾಮೆರಾವನ್ನು ಎರಡು ಬೆರಳಲ್ಲಿ ಎತ್ತಿ, “ಇದೇನು ಕ್ಯಾಮೆರಾನೋ, ಬೀಸಣಿಗಿನೋ?” ಎಂದರು.

“ನನ್ನ ಸೊಂಟಕ್ಕ ಇದೇ ಛಲೋ ಐತ್ರಿ ಕಾಕಾ. ಆ ಗುಡ್ಡ ಹತ್ತಬೇಕಲ್ಲ?”

“ಹತ್ತು. ಹತ್ತಿದ ಮ್ಯಾಲೆ ಗೊತ್ತಾಗ್ತೈತಿ.”

ಮೊದಲ ಸಲ ಚೆರಿ ಮರದ್ದನ್ನೇ ಒಯ್ದೆವು. ಬೆಳಕು ಹರಿಯುವ ಮುಂಚೆ ಹೊರಟು ಅಲ್ಲಿ ಮುಟ್ಟಿದಾಗ ಸುಣ್ಣದ ಗೆರೆಗಳು ರಸ್ತೆಯ ದಾರಿಯನ್ನು ಆಗಲೇ ತೋರಿಸುತ್ತಿದ್ದವು. ಗೆರೆ ನೇರವಾಗಿ ಹೋಗಿ ಬಂಡೆಗೆ ಮುಟ್ಟಿ, ಬಂಡೆಯ ಆಚೆ ಮತ್ತೆ ಶುರುವಾಗಿತ್ತು. ಅದರ ಉದ್ದಕ್ಕೂ ಅಗೆದ ಆಳವಾದ ಕಾಲುವೆ. ಹಾಗಾಗಿ ಬಂಡೆಯ ಬುಡಕ್ಕೆ ಹೋಗಿ ನಿಲ್ಲಲು ಜಾಗವಿಲ್ಲ. ಎದುರಿನ ಇನ್ನೊಂದು ಗುಡ್ಡದ ಬಂಡೆಯ ಮೇಲೆ ಹತ್ತಿ, ಉದ್ದನೆಯ ಲೆನ್ಸ್ ಹಾಕಿ ತೆಗೆಯಬೇಕು. ಉದ್ದನೆಯ ಲೆನ್ಸ್ ಎಂದರೆ ಬೆಲ್ಲೋಸನ್ನು ಪೂರಾ ಎಳೆಯಬೇಕು.

ಕಾವಲುಗಾರ ನಮ್ಮನ್ನು ತಡೆದು ವಿಚಾರಿಸಿದ. ನಾನು ತೆಲುಗಿನಲ್ಲಿ ಎಲ್ಲ ಹೇಳಿದೆ. ಅವನು ಮರದ ಪೆಟ್ಟಿಗೆ ನೋಡಿ, ಇದರಲ್ಲಿ ಬಾಂಬು ಇಲ್ಲವಲ್ಲ ಎಂದು ಖಾತ್ರಿ ಮಾಡಿಕೊಂಡು, ತಾನೇ ದಾರಿ ತೋರಿಸುತ್ತಾ ಮೇಲೆ ಬಂದ.

ಹತ್ತುವುದೇನೋ ಸುಲಭವಾಯಿತು. ಆದರೆ ಬಿಸಿಲು ಏರುತ್ತಿದ್ದಂತೆ ಗಾಳಿ ಎದ್ದಿತು. ಪೂರಾ ಎಳೆದ ಬೆಲ್ಲೋಸು ದೋಣಿಯ ಪಟದ ಹಾಗೆ ಗಾಳಿ ಹಿಡಿಯತೊಡಗಿತು. ಟ್ರೈಪಾಡಿಗೆ ನೀರಿನ ಕ್ಯಾನ್ ಜೋತುಹಾಕಿದೆವು. ಕಾಲುಗಳಿಗೆ ಕಲ್ಲು ಒತ್ತಿದೆವು. ಕಾಲು ಅಲುಗುವುದು ನಿಂತಿತು, ಕ್ಯಾಮೆರಾದ ಮುಂಭಾಗ ಮಾತ್ರ ನಡುಗುತ್ತಲೇ ಇತ್ತು. ಕಾಕಾ ಕೊಡೆ ಬಿಚ್ಚಿ ಗಾಳಿಗೆ ಅಡ್ಡ ಹಿಡಿದರು, ಕೊಡೆಯೇ ತಿರುವುಮುರುವಾಯಿತು. ಅಂತೂ ನಾಲ್ಕಾರು ಹಾಳೆ ತೆಗೆದು ಇಳಿದೆವು.

ಮನೆಯಲ್ಲಿ ತೊಳೆದು ಒಣಹಾಕಿ, ಭೂತಗನ್ನಡಿ ಹಿಡಿದು ನೋಡಿದೆ. ಬಂಡೆಯ ಪ್ರತಿ ಅಂಚೂ ಎರಡೆರಡು. ಅಲುಗಾಡಿದ ಚಿತ್ರದ ಲಕ್ಷಣ ಅದು. ಆ ಅಲುಗಾಟದಲ್ಲಿ ಬೇರೆ ತಪ್ಪೇನಿದ್ದರೂ ಕಾಣುವಂತಿರಲಿಲ್ಲ. ಕಾಕಾನಿಗೆ ಹೇಳಿದಾಗ ಅವರು ಗೆದ್ದವರಂತೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ನಾ ಹೇಳಿದ್ನೋ ಇಲ್ಲೋ? ಹಗೂರ ಇದ್ದದ್ದು ಒಯ್ಯಾಕ ಛಲೋ, ನಿಲ್ಲಾಕ ಅಲ್ಲ. ಈ ಸಲ ಮುದುಕಿನ್ನ ಕರಕೊಂಡು ಹೋಗೂಣು.”

ಎರಡನೆಯ ಸಲ ತೇಗದ ಕ್ಯಾಮೆರಾ ಒಯ್ದೆವು. ಅದರ ಪೆಟ್ಟಿಗೆಯನ್ನು ನಾನೂ ಕಾವಲುಗಾರನೂ ಸರದಿಯಲ್ಲಿ ಹೊತ್ತೆವು. ಕಾಕಾ ಹೊರೆಯಿಲ್ಲದೆ ಬಂದರೂ ಹಿಂದೆ ಬಿದ್ದರು. ಕಾಲಿಡುವ ಮುಂಚೆ ಕೋಲಿನಿಂದ ಕಲ್ಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ವಯಸ್ಸು ಎಂದುಕೊಂಡೆ. ಮೇಲೆ ಹತ್ತಿ ಕೂತಾಗ ನನ್ನ ಸೊಂಟದಿಂದ ಹಿಮ್ಮಡಿಯವರೆಗೆ ಒಂದು ತಂತಿ ಬಿಗಿದಂತಿತ್ತು. ಕ್ಯಾಮೆರಾ ಮಾತ್ರ ಟ್ರೈಪಾಡಿನ ಮೇಲೆ ಕೂತದ್ದೇ ಕೂತದ್ದು, ಅಲುಗಲಿಲ್ಲ. ಗಾಳಿ ಬಂತು, ಹೋಯಿತು.

ಫೋಕಸ್ ಹಿಡಿಯುವುದು ಹೀಗೆ: ಕ್ಯಾಮೆರಾದ ಹಿಂಬದಿಯಲ್ಲಿ ಒಂದು ಮಸುಕು ಗಾಜು ಇರುತ್ತದೆ. ಅದರ ಮೇಲೆ ಎದುರಿನ ದೃಶ್ಯ ತಲೆಕೆಳಗಾಗಿ ಮೂಡುತ್ತದೆ. ತಲೆಯ ಮೇಲೆ ಕರಿ ಬಟ್ಟೆ ಹೊದ್ದುಕೊಂಡು, ಭೂತಗನ್ನಡಿಯಿಂದ ಗಾಜನ್ನು ನೋಡುತ್ತಾ, ಪಕ್ಕದ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ ದೃಶ್ಯ ಚೂಪಾದಾಗ ಬಿಗಿ ಮಾಡಬೇಕು. ಆಮೇಲೆ ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರ್ ತುರುಕುವುದು. ಗಾಜು ಎಲ್ಲಿತ್ತೋ ಫಿಲ್ಮ್ ಸರಿಯಾಗಿ ಅಲ್ಲೇ ಬಂದು ಕೂರಬೇಕು. ಕಾಕಾ ಅಂದು ಬಟ್ಟೆಯೊಳಗೆ ಬಹಳ ಹೊತ್ತು ಇದ್ದರು. ಅವರು ಯಾವಾಗಲೂ ಹಾಗೆಯೇ, ಅವಸರ ಮಾಡುವವರಲ್ಲ. ಹೊರಬಂದಾಗ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಸೆಖೆ ಎಂದರು.

ಈ ಸಲದ ಹಾಳೆಗಳನ್ನು ತೊಳೆದು ನೋಡಿದೆ. ಅಂಚುಗಳು ಎರಡೆರಡು ಇರಲಿಲ್ಲ, ಒಂದೇ ಇದ್ದವು. ಆದರೆ ಪ್ರತಿಯೊಂದೂ ಮೆತ್ತಗೆ, ಉಗಿ ಹಿಡಿದ ಕನ್ನಡಿಯಲ್ಲಿ ಕಂಡಂತೆ. ಕ್ಯಾಮೆರಾ ಅಲುಗಿಲ್ಲ, ಫೋಕಸ್ಸೇ ತಪ್ಪಿದೆ. ಅದೂ ಒಂದು ಹಾಳೆಯಲ್ಲಿ ಅಲ್ಲ, ಎಲ್ಲದರಲ್ಲೂ. ಡಬ್ಬಿಯಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ.

ಕಾಕಾ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಗೆ ಹತ್ತಿರ ತಂದು, ದೂರ ಒಯ್ದು, “ಹಿಂದಿನ ಚೌಕಟ್ಟು ಬಡಿಗ ಮಾಡಿದ್ದಲ್ಲ? ಅದು ಸೊಟ್ಟ ಆಗಿರಬೇಕು. ಗಾಜು ಒಂದು ಕಡೆ, ಫಿಲ್ಮ್ ಒಂದು ಕಡೆ ಕುಂದ್ರಾಕತ್ತೈತಿ. ಹಳೇ ಕಟಗಿ, ಏನು ಮಾಡೂದು,” ಎಂದರು.

ಆ ಕ್ಯಾಮೆರಾದ ಬಗ್ಗೆ ಅವರು ಒಂದು ಮಾತು ಕೆಟ್ಟದ್ದಾಗಿ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು. ಆದರೆ ದಣಿದ ತಲೆಗೆ ಯಾವುದಾದರೂ ಒಂದು ಕಾರಣ ಸಿಕ್ಕರೆ ಸಾಕಾಗಿರುತ್ತದೆ. ಆ ಹಿಂಬದಿಯ ಚೌಕಟ್ಟನ್ನು ನಿಜವಾಗಿಯೂ ಒಬ್ಬ ಬಡಗಿಯಿಂದ ಮಾಡಿಸಿದ್ದೇ ಆಗಿತ್ತು, ಮೂಲದ ಅಳತೆಗೆ ಈಗ ಫಿಲ್ಮ್ ಸಿಗುವುದಿಲ್ಲವೆಂದು.

ಕ್ಯಾಮೆರಾವನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಬಾಲಾನಗರಕ್ಕೆ ಎಂಜಿನಿಯರ್ ಮನೆಗೆ ಒಯ್ದೆ. ಅವರು ಗಾಜಿನ ಒರಟು ಮುಖ ಲೆನ್ಸಿನ ಕಡೆಗೇ ಇದೆಯೇ ಎಂದು ಮೊದಲು ಬೆರಳಿನಿಂದ ಸವರಿ ನೋಡಿದರು. ಇತ್ತು. ಆಮೇಲೆ ಆಳ ಅಳೆಯುವ ಮೈಕ್ರೋಮೀಟರ್ ತೆಗೆದು ಗಾಜಿನ ಆಳವನ್ನು ನಾಲ್ಕು ಮೂಲೆಗಳಲ್ಲೂ ನಡುವಿನಲ್ಲೂ ಅಳೆದರು. ಫಿಲ್ಮ್ ಹೋಲ್ಡರಿನಲ್ಲಿ ಹಾಳಾದ ಒಂದು ಹಾಳೆ ಹಾಕಿಸಿ ಅದರ ಆಳವನ್ನೂ ಅಳೆದರು. ಮತ್ತೆ ಮೊದಲಿನಿಂದ ಎಲ್ಲವನ್ನೂ ಅಳೆದರು. ನಾನು ಅವರ ಮುಖವನ್ನೇ ನೋಡುತ್ತಾ ಕೂತಿದ್ದೆ. ತಪ್ಪು ಸಿಕ್ಕಿತು ಎಂದು ಹೇಳಿದ್ದರೆ ಅವರಿಗೊಂದು ನಮಸ್ಕಾರ ಹಾಕಿ, ಗಾಜಿನ ಅಡಿಗೆ ಒಂದು ಕಾಗದದ ಚೂರು ತುರುಕಿ ಸರಿಮಾಡಿಕೊಂಡು ಬಂದುಬಿಡುತ್ತಿದ್ದೆ.

“ಮೇಡಂ, ನನ್ನ ಕ್ಯಾಮೆರಾನೇ ನೀವು ತಗೊಂಡು ಹೋಗಬೇಕು ಅಂತ ನನಗೆ ಆಸೆ ಇದೆ,” ಎಂದರು ಅವರು, ಕನ್ನಡಕ ತೆಗೆದು ಒರೆಸುತ್ತಾ. “ಆದರೆ ಇದರಲ್ಲಿ ತಪ್ಪಿಲ್ಲ. ಆ ಬಡಗಿ ಯಾರೋ ಚೆನ್ನಾಗಿ ಮಾಡಿದ್ದಾನೆ. ಗಾಜೂ ಫಿಲ್ಮೂ ಒಂದೇ ಜಾಗದಲ್ಲಿ ಕೂರುತ್ತಿವೆ.”

“ಮತ್ತೆ ಚಿತ್ರ ಯಾಕೆ ಹಾಗೆ ಬಂತು?”

“ಫೋಕಸ್ ಮಾಡಿದ್ದು ನೀವೇನಾ?”

ನಾನು ಇಲ್ಲ ಎಂದೆ. ಅವರು ಕ್ಯಾಮೆರಾವನ್ನು ಮಡಚಿ, ಹಿತ್ತಾಳೆಯ ಕೊಂಡಿ ಹಾಕಿ, ಪೆಟ್ಟಿಗೆಯೊಳಗೆ ಇಟ್ಟುಕೊಟ್ಟರು.

ಮರುದಿನ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಅಂಗಳದ ಗೋಡೆಯುದ್ದಕ್ಕೆ ಒಂದು ಅಳತೆ ಟೇಪನ್ನು ಓರೆಯಾಗಿ ಎಳೆದು ಕಟ್ಟಿ, ಅದರ ನಡುವೆ ಕೆಂಪು ದಾರ ಸುತ್ತಿದೆ. ಟೇಪಿನ ಒಂದು ತುದಿ ಹತ್ತಿರ, ಇನ್ನೊಂದು ದೂರ ಆಗುವಂತೆ ಎದುರಿಗೆ ಕ್ಯಾಮೆರಾ ನಿಲ್ಲಿಸಿದೆ. ಎಂಜಿನಿಯರ್ ಅಳೆದ ವಿಷಯ ಇನ್ನೂ ಹೇಳಿರಲಿಲ್ಲ.

“ಆ ಕೆಂಪು ದಾರಕ್ಕ ಫೋಕಸ್ ಹಿಡೀರಿ ಕಾಕಾ. ಒಂದ್ಸಲ ನೋಡೂಣು.”

“ಕ್ಯಾಮೆರಾ ಕೆಟ್ಟೈತಿ ಅಂತ ಹೇಳಿದ್ನಲ್ಲ, ಮತ್ಯಾಕ?”

“ಹಿಡೀರಲ್ಲ.”

ಅವರು ಬಟ್ಟೆ ಹೊದ್ದು ಒಳಗೆ ಹೋದರು. ತಿರುಪು ಆ ಕಡೆ ತಿರುಗಿತು, ಈ ಕಡೆ ತಿರುಗಿತು. ಆ ಬೆರಳುಗಳ ಮೇಲೆ ನನಗೆ ಈಗಲೂ ಅನುಮಾನವಿಲ್ಲ. ಎಷ್ಟು ಮೃದುವಾಗಿ, ಎಷ್ಟು ಖಚಿತವಾಗಿ ತಿರುಗಿಸುತ್ತಿದ್ದರು! ಕೊನೆಗೆ ಬಿಗಿ ಮಾಡಿ ಹೊರಬಂದು, “ಆತು. ಹರಳಿನಂಗ ಕೂತೈತಿ,” ಎಂದರು.

ನಾನು ಒಳಗೆ ಹೋದೆ. ಗಾಜಿನ ಮೇಲೆ ಟೇಪಿನ ದೂರದ ತುದಿಯ ಅಂಕೆಗಳು ಚೂಪಾಗಿದ್ದವು. ನಡುವೆ ಕೆಂಪು ದಾರ ಇರಬೇಕಾದಲ್ಲಿ, ಒದ್ದೆ ಕೈಯಿಂದ ಒರೆಸಿದ ಕುಂಕುಮದ ಹಾಗೆ ಒಂದು ಕೆಂಪು ಕಲೆ.

ಆ ಬಟ್ಟೆಯೊಳಗೆ ನಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಒಳಗೆ ಬೆವರು, ಹಳೆಯ ಬಟ್ಟೆಯ ವಾಸನೆ. ನನ್ನ ಮುಖ ಯಾರಿಗೂ ಕಾಣದ ಜಾಗ. ಹೊರಗೆ ಬಂದು ‘ಹೌದ್ರಿ ಕಾಕಾ, ಕ್ಯಾಮೆರಾನೇ ಕೆಟ್ಟೈತಿ’ ಎಂದುಬಿಟ್ಟರೆ ಮುಗಿಯಿತು. ಚೆರಿ ಮರದ್ದನ್ನು ತೆಗೆದುಕೊಂಡು ಒಬ್ಬಳೇ ಹೋಗಬಹುದು. ಅವರ ಮರ್ಯಾದೆಯೂ ಉಳಿಯುತ್ತದೆ, ನನ್ನ ಸೊಂಟವೂ ಉಳಿಯುತ್ತದೆ. ಗಾಳಿ ಇಲ್ಲದ ಒಂದು ಬೆಳಿಗ್ಗೆ ಸಿಕ್ಕೀತು. ನನಗೆ ಅಷ್ಟು ಸಾಕಾಗಿಹೋಗಿತ್ತು. ಸುಳ್ಳು ಹೇಳುವುದೇ ದಯೆಯಂತೆ ಕಾಣುತ್ತಿತ್ತು.

ಬಟ್ಟೆಯ ಅಂಚಿನ ಕೆಳಗೆ ಅಂಗಳದ ಒಂದು ತುಂಡು ಕಾಣುತ್ತಿತ್ತು. ಅಲ್ಲಿ ಅವರ ಸ್ಕೂಟರ್ ನಿಂತಿತ್ತು. ಅವರು ಅದನ್ನು ಇನ್ನೂ ದಿನವೂ ಓಡಿಸುತ್ತಿದ್ದರು. ಸಂತೆಗೆ, ಗುಡಿಗೆ, ಹೆಂಡತಿ ಕಾಕುವನ್ನು ಹಿಂದೆ ಕೂರಿಸಿಕೊಂಡು.

ಹೊರಬಂದೆ. “ಕಾಕಾ, ಕ್ಯಾಮೆರಾ ಸರಿ ಐತ್ರಿ. ಬಾಲಾನಗರದಾಗ ಅಳತಿ ಮಾಡಿಸಿಕೊಂಡು ಬಂದೀನಿ. ಫೋಕಸ್ ದಾರದ ಮ್ಯಾಲೆ ಇಲ್ಲ, ಭಾಳ ಹಿಂದ ಐತಿ. ನಿಮಗ ಕಾಣಾಕತ್ತಿಲ್ಲ.”

ಅವರು ನನ್ನತ್ತ ನೋಡಲಿಲ್ಲ. ಟೇಪಿನ ಹತ್ತಿರ ಹೋಗಿ ಕೈಯಾಡಿಸಿ ದಾರವನ್ನು ಹುಡುಕಿ ಹಿಡಿದುಕೊಂಡರು.

“ಪರೀಕ್ಷಾ ಮಾಡಾಕ ಬಂದಿದ್ಯೇನು ನನಗ? ಹುಟ್ಟಿದಾಗಿಂದ ನೋಡೀನಿ ನಿನ್ನ. ಫಿಲ್ಮ್ ಹೆಂಗ ಹಿಡೀಬೇಕು ಅಂತ ಕಲಿಸಿದಾಂವ ನಾನು. ಈಗ ನನ್ನ ನಜರ್ ಮ್ಯಾಲೆ ನಿನಗ ಅನುಮಾನ ಬಂತು?”

“ಅನುಮಾನ ಅಲ್ರಿ. ನೋಡಿ ಹೇಳಾಕತ್ತೀನಿ.”

“ನಿನಗ ಆ ಹಗೂರಂದು ಬೇಕಾಗೇತಿ, ಒಯ್ಯಿ. ನನ್ನ ಕಣ್ಣಿಗೆ ಯಾಕ ಹೆಸರಿಡ್ತಿ?”

ಕಾಕು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಕೈಯಲ್ಲಿ ಹಿಟ್ಟು. “ಖರೇ ಹೇಳಾಕತ್ತಾಳ ಆಕಿ,” ಎಂದರು. “ಎಷ್ಟು ತಿಂಗಳಾತು ನೀವು ಪೇಪರ್ ಓದಿ? ನಾ ಓದಿ ಹೇಳೂದು, ನೀವು ಹೂಂ ಅನ್ನೂದು. ಚಹಾ ಕಪ್ಪಿನ ಹೊರಗ ಸುರೀತೀರಿ. ಮೊನ್ನೆ ಎಮ್ಮಿ ಅಡ್ಡ ನಿಂತಿದ್ದು ಕಾಣಲಿಲ್ಲ ನಿಮಗ, ಹಿಂದಿಂದ ನಾ ಚೀರಿದೆ. ನಾ ಎಷ್ಟ ದಿನ ಚೀರಲಿ?”

ಕಾಕಾ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ನಾನು ಟೇಪು ಬಿಚ್ಚಿದೆ, ದಾರ ಸುತ್ತಿದೆ, ಕ್ಯಾಮೆರಾ ಮಡಚಿದೆ. ಕಾಕು ಚಹಾ ಕೊಟ್ಟರು. ಕ್ಯಾಮೆರಾವನ್ನು ಅಲ್ಲೇ ಬಿಟ್ಟುಬಂದೆ. ಅದು ಅವರದು, ಕೇಳದೆ ಒಯ್ಯುವುದು ಹೇಗೆ?

ಆ ವಾರ ನಾನು ಚೆರಿ ಮರದ ಕ್ಯಾಮೆರಾವನ್ನು ಬಿಚ್ಚಿ, ಕಟ್ಟಿ, ಮುಂಭಾಗಕ್ಕೆ ಬಿದಿರಿನ ಆಸರೆ ಕೊಟ್ಟು, ಟೆರೇಸಿನ ಗಾಳಿಯಲ್ಲಿ ನಿಲ್ಲಿಸಿ ನೋಡಿದೆ. ಗಿಡ್ಡ ಲೆನ್ಸಿಗೆ ಅದರಷ್ಟು ಒಳ್ಳೆಯ ಕ್ಯಾಮೆರಾ ಇಲ್ಲ. ಕಣಿವೆಯಲ್ಲಿ, ಮನೆಯೊಳಗೆ, ಮರದ ನೆರಳಲ್ಲಿ ನಾನು ಅದನ್ನೇ ಆರಿಸುತ್ತೇನೆ. ಆದರೆ ಬೆಲ್ಲೋಸು ಪೂರಾ ಎಳೆದಾಗ ಅದು ನಡುಗುತ್ತದೆ, ಅಷ್ಟೇ. ಆ ಗುಡ್ಡಕ್ಕೆ, ಆ ಗಾಳಿಗೆ, ಆ ದೂರಕ್ಕೆ ತೇಗದ್ದೇ ಆಗಬೇಕು. ತೀರ್ಮಾನ ಇದೇ ಎಂದು ಗೊತ್ತಾದಾಗ ಸಂತೋಷವೇನೂ ಆಗಲಿಲ್ಲ. ಅದನ್ನು ಹೊರುವವಳು ನಾನು, ಅದನ್ನು ಕೇಳಿ ತರಬೇಕಾದವಳೂ ನಾನು.

ಅಷ್ಟರಲ್ಲಿ ಕಾವಲುಗಾರ ಫೋನ್ ಮಾಡಿದ. ಬಂಡೆಗೆ ರಂಧ್ರ ಕೊರೆಯುವ ಯಂತ್ರ ಬಂದಿದೆ, ಸೋಮವಾರದಿಂದ ಆ ಕಡೆಯ ಕೆಲಸ ಶುರುವಂತೆ, ಬರುವುದಿದ್ದರೆ ಬೇಗ ಬನ್ನಿ ಎಂದ.

ಕಾಕಾನ ಮನೆಗೆ ಹೋದಾಗ ಅವರು ಅಂಗಳದಲ್ಲೇ ಕೂತಿದ್ದರು. ಸ್ಕೂಟರ್ ಇರಲಿಲ್ಲ. ಅಳಿಯ ಒಯ್ದನಂತೆ. ಅವರ ಕಣ್ಣಿನ ಕೆಳಗೆ ಹಳದಿ ಔಷಧಿಯ ಗುರುತು ಇತ್ತು. ಕಾಕು ಹಟಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಎಡಗಣ್ಣಿನಲ್ಲಿ ಒತ್ತಡ ಹೆಚ್ಚಾಗಿ ನರ ಸೋತಿದೆ, ಹೋದ ದೃಷ್ಟಿ ಬರುವುದಿಲ್ಲ. ಬಲಗಣ್ಣಿನಲ್ಲಿ ಪೊರೆ, ಅದನ್ನು ತೆಗೆಯಬಹುದು ಎಂದಿದ್ದರಂತೆ. ಇನ್ನೂ ತಡವಾಗಿದ್ದರೆ ಬಲಗಣ್ಣಿನ ನರವೂ ಸೋಲುತ್ತಿತ್ತು ಎಂದೂ ಹೇಳಿದ್ದರಂತೆ. ಇದನ್ನೆಲ್ಲ ಹೇಳಿದ್ದು ಕಾಕು.

ಕಾಕಾ ನನ್ನನ್ನು ಕೂರು ಎನ್ನಲಿಲ್ಲ. ನಾನು ಏನೂ ಕೇಳುವ ಮುಂಚೆಯೇ, “ಪೆಟ್ಟಿಗಿ ಒಳಗ ಐತಿ, ತಗೊಂಡು ಹೋಗು,” ಎಂದರು. ನಾನು ಪೆಟ್ಟಿಗೆ ಎತ್ತಿ ಗೇಟಿನ ಹತ್ತಿರ ಬಂದಾಗ, ಮುಖ ಬೇರೆ ಕಡೆ ಮಾಡಿಕೊಂಡೇ ಇನ್ನೊಂದು ಮಾತು ಹೇಳಿದರು.

“ಎಡಗಡೆ ತಿರುಪು ಪೂರಾ ಬಿಗಿ ಮಾಡಬ್ಯಾಡ. ಮಾಡಿದ್ರ ಮುಂದಿನ ಹಲಗಿ ಸರೀತೈತಿ. ಮುಕ್ಕಾಲು ಬಿಗಿ ಮಾಡಿ ಬಿಡು.”

“ಆತ್ರಿ ಕಾಕಾ.”

ಭಾನುವಾರ ಹೋದೆ. ಗಂಡ ಕಾರಿನಲ್ಲಿ ಗುಡ್ಡದ ಬುಡಕ್ಕೆ ಬಿಟ್ಟು, ಅವರೂ ಟ್ರೈಪಾಡ್ ಹೊತ್ತು ಅರ್ಧದವರೆಗೆ ಬಂದರು. ಮಂಡಿ ನೋವಿನವರು, ಮುಂದೆ ಆಗಲಿಲ್ಲ. ಕಾವಲುಗಾರ ಬಂದು ಕೈಹಚ್ಚಿದ. ಮೇಲೆ ಕ್ಯಾಮೆರಾ ನಿಲ್ಲಿಸಿ, ಬಟ್ಟೆ ಹೊದ್ದು, ಫೋಕಸ್ ಹಿಡಿದೆ. ಇಷ್ಟು ವರ್ಷ ಆ ಕೆಲಸ ಕಾಕಾನ ಮೇಲೆ ಬಿಟ್ಟು ನಾನು ಆರಾಮವಾಗಿದ್ದೆ. ಬಂಡೆಯ ಬಿರುಕಿಗೆ ಹಿಡಿದರೆ ಮುಂದಿನ ಹುಲ್ಲು ಹೋಗುತ್ತಿತ್ತು, ಹುಲ್ಲಿಗೆ ಹಿಡಿದರೆ ಬಿರುಕು ಹೋಗುತ್ತಿತ್ತು. ಲೆನ್ಸಿನ ಹಲಗೆಯನ್ನು ಮುಂದಕ್ಕೆ ಬಾಗಿಸಿ, ಮತ್ತೆ ಹಿಡಿದು, ಮತ್ತೆ ಬಾಗಿಸಿ, ಬೆವರು ಭೂತಗನ್ನಡಿಯ ಮೇಲೆ ತೊಟ್ಟಿಕ್ಕಿ, ಒರೆಸಿ, ಮತ್ತೆ ಹಿಡಿದೆ. ಎಡಗಡೆಯ ತಿರುಪನ್ನು ಮುಕ್ಕಾಲು ಬಿಗಿ ಮಾಡಿ ಬಿಟ್ಟೆ. ಹಲಗೆ ಸರಿಯಲಿಲ್ಲ.

ಮೊದಲ ಹೋಲ್ಡರ್ ಹಾಕುವಷ್ಟರಲ್ಲಿ ಕೆಳಗೆ ಕಾಲುವೆಯಲ್ಲಿ ಯಂತ್ರ ಗುಡುಗಿತು. ಸೋಮವಾರ ಅಂದಿದ್ದರು, ಭಾನುವಾರವೇ ಪರೀಕ್ಷೆಗೆಂದು ಓಡಿಸುತ್ತಿದ್ದರು. ಬಂಡೆಯೇ ನಡುಗಿತು, ನನ್ನ ಅಂಗಾಲಿಗೆ ಗೊತ್ತಾಗುತ್ತಿತ್ತು. ಭಾರದ ಕ್ಯಾಮೆರಾ ಗಾಳಿಯನ್ನು ತಡೆದೀತು, ನೆಲವೇ ನಡುಗಿದರೆ ಏನು ಮಾಡೀತು? ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಅಳುವುದಕ್ಕೂ ಶಕ್ತಿ ಇರಲಿಲ್ಲ.

ಕಾವಲುಗಾರ ಇಳಿದುಹೋಗಿ ಯಂತ್ರ ಓಡಿಸುವವನ ಜೊತೆ ಮಾತಾಡಿದ. ಅವನು ತಲೆಯೆತ್ತಿ, ಮೇಲೆ ಕರಿ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಕೂತ ನನ್ನನ್ನು ನೋಡಿದ. ಕೈ ಎತ್ತಿ, “ಚಾಯ್ ಪೀಕೇ ಆತೇ, ಅಮ್ಮಾ!” ಎಂದು ಕೂಗಿ ಯಂತ್ರ ನಿಲ್ಲಿಸಿದ. ಅವನು ಚಹಾ ಕುಡಿಯುವಷ್ಟು ಹೊತ್ತು ನನಗೆ ಸಿಕ್ಕಿತು.

ಗಾಳಿ ನಿಲ್ಲಲೆಂದು ಕಾದೆ. ಬಂಡೆಯ ಬುಡದ ಒಣ ಹುಲ್ಲು ತಲೆಯಾಡಿಸುತ್ತಲೇ ಇತ್ತು. ನಿಂತಂತಾದಾಗ ಶಟರ್ ಒತ್ತಿದೆ. ಹೋಲ್ಡರ್ ತಿರುಗಿಸಿ ಇನ್ನೊಂದು. ಮತ್ತೊಂದು. ಕೊನೆಯ ಹಾಳೆಯ ಹೊತ್ತಿಗೆ ಕೆಳಗಿನವನು ಎದ್ದು ಬಟ್ಟೆ ಕೊಡವುತ್ತಿದ್ದ. ಹುಲ್ಲು ಇನ್ನೂ ಸ್ವಲ್ಪ ಆಡುತ್ತಿತ್ತು. ಸಾಕು ಎನಿಸಿ ಒತ್ತಿಬಿಟ್ಟೆ.

ಆ ಕೊನೆಯ ಹಾಳೆಯೇ ಎಲ್ಲಕ್ಕಿಂತ ಚೆನ್ನಾಗಿ ಬಂತು. ಅದನ್ನು ಬಾಗಿಲಿನಷ್ಟು ಎತ್ತರಕ್ಕೆ ಮುದ್ರಿಸಿ, ನಾಂಪಲ್ಲಿಯ ಒಂದು ಕಚೇರಿಯ ಸಭಾಂಗಣದಲ್ಲಿ ಉಳಿದವುಗಳ ಜೊತೆ ನಿಲ್ಲಿಸಿದರು. ಅಧಿಕಾರಿಗಳು ಬಂದರು. ಈ ಸಲ ಬೆರಳಿನಿಂದ ಸರಿಸಲು ಆಗಲಿಲ್ಲ, ಎದುರಿಗೆ ನಿಂತು ನೋಡಿದರು. ಕಾಲುವೆಯ ಕಡೆಯಿಂದ ಕೊರೆಯುತ್ತಾ ಬಂದ ಯಂತ್ರವನ್ನು ಬಂಡೆ ಮುಟ್ಟುವ ಮುಂಚೆ ನಿಲ್ಲಿಸಿದರು. ಮಾತುಕತೆ ಬಹಳ ದಿನ ಎಳೆಯಿತು. ಕೊನೆಗೆ ರಸ್ತೆ ಸ್ವಲ್ಪ ಬಾಗಿತು. ಮೂರು ಬಂಡೆಯ ಗುಂಪು ಉಳಿಯಿತು. ನಾನು ಕ್ಯಾಮೆರಾ ನಿಲ್ಲಿಸಿದ್ದ ಎದುರಿನ ಗುಡ್ಡ ಹೋಯಿತು. ರಸ್ತೆ ಬಾಗಿದ್ದು ಅದರ ಮೇಲೆ. ಇದನ್ನು ಗೆಲುವು ಎನ್ನಬೇಕೋ ಬೇಡವೋ ನನಗೆ ಗೊತ್ತಿಲ್ಲ.

ಚೆರಿ ಮರದ ಕ್ಯಾಮೆರಾವನ್ನು ಒರೆಸಿ ಬಾಲಾನಗರಕ್ಕೆ ವಾಪಸು ಕೊಟ್ಟೆ. ಎಂಜಿನಿಯರ್ ಏನೂ ಬೇಸರಪಡಲಿಲ್ಲ. “ಮನೆ ಒಳಗೆ ತೆಗೆಯೋ ಕೆಲಸ ಬಂದರೆ ಹೇಳಿ,” ಎಂದರು.

ಕಾಕಾನ ಬಲಗಣ್ಣಿನ ಪೊರೆ ತೆಗೆದರು. ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಅವರು ಕಾಕುವಿನ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಆ ಜಗಳದ ನಂತರ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಸಭಾಂಗಣದಿಂದ ವಾಪಸು ತಂದು ಗೋಡೆಗೆ ಒರಗಿಸಿದ್ದ ಆ ದೊಡ್ಡ ಚಿತ್ರದ ಮುಂದೆ ಹೋಗಿ ನಿಂತರು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಬಲಗಣ್ಣನ್ನು ಚಿತ್ರದ ಹತ್ತಿರ ಒಯ್ದು, ಮೇಲಿನ ಬಂಡೆಯ ಅಂಚಿನಿಂದ ಶುರುಮಾಡಿ ಬಿರುಕಿನ ಗುಂಟ ನಿಧಾನವಾಗಿ ಕೆಳಗೆ ಇಳಿಯುತ್ತಾ ಬಂದರು. ಬುಡಕ್ಕೆ ಬಂದಾಗ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

“ತಂಗಿ,” ಎಂದರು. “ಇಲ್ಲಿ ಕೆಳಗ ಹುಲ್ಲು ಅಲುಗ್ಯಾಡೇತಿ.”

ಅದು ಒಂದು ಬೆರಳಗಲದ ಜಾಗ. ಸಭಾಂಗಣದಲ್ಲಿ ಅಷ್ಟು ಜನ ನಿಂತು ನೋಡಿದ್ದರು. ಒಬ್ಬರೂ ಅದನ್ನು ಕಂಡಿರಲಿಲ್ಲ.

“ಹೌದ್ರಿ ಕಾಕಾ.”

“ಗಾಳಿ ನಿಲ್ಲೂ ತನಕ ಕಾಯಬೇಕಿತ್ತು.”

“ದಣಿದಿದ್ದೆ ರೀ.”

ಅವರು ಕೈಯನ್ನು ಕಣ್ಣಿನಿಂದ ತೆಗೆಯದೆ ಇನ್ನೂ ಹತ್ತಿರಕ್ಕೆ ಹೋಗಿ ನೋಡಿದರು.

“ಅದೂ ಕಾಣಸ್ತೈತಿ,” ಎಂದರು.